ಚಿಮಣರಾವ್ ಮುಗಿದ ಮೇಲೆ



ನಿಮ್ಮನ್ನೊಂದು ಪ್ರಶ್ನೆ ಕೇಳಿಯೇ ಈ ಸಲದ ಪುಟ ಶುರುಮಾಡುತ್ತೇನೆ. ವರ್ಷಗಟ್ಟಲೆ ಟಿವಿಯಲ್ಲಿ ನಿಮ್ಮನ್ನು ನಗಿಸಿದ ನಟ, ಧಾರಾವಾಹಿ ಮುಗಿದ ಮರುದಿನ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ? ತರಕಾರಿ ತರಲು ಹೊರಟರೆ ಅಂಗಡಿಯವನು ಪಾತ್ರದ ಹೆಸರು ಹಿಡಿದೇ ಕೂಗುತ್ತಾನೆ. ಮದುವೆ ಮನೆಯಲ್ಲಿ "ಆ ಡೈಲಾಗ್ ಒಂದ್ಸಲ ಹೇಳಿ" ಎನ್ನುತ್ತಾರೆ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಆ ಪ್ರೀತಿಯ ಜೊತೆಗೇ ಬಾಗಿಲೊಂದು ಮುಚ್ಚಿಕೊಂಡಿರುತ್ತದೆ. ನಾಳೆ ಇದೇ ನಟ ಕೊಲೆಗಾರನಾಗಿ ಬಂದರೆ ಜನ ನಕ್ಕುಬಿಟ್ಟರೆ ಏನು ಗತಿ? ಅದಕ್ಕೇ ನಿರ್ದೇಶಕರು ಕರೆಯುವುದಿಲ್ಲ. ಕರೆದರೂ ಅದೇ ಪಾತ್ರಕ್ಕೆ ಬೇರೆ ಅಂಗಿ ತೊಡಿಸಿ ಕರೆಯುತ್ತಾರೆ.

ಅಮೆರಿಕದ ಜೆರ್ರಿ ಸೈನ್‌ಫೆಲ್ಡ್ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ತನ್ನದೇ ಹೆಸರಿನ ಹಾಸ್ಯ ಧಾರಾವಾಹಿ ಒಂಬತ್ತು ವರ್ಷ ಓಡಿ, ಜನಪ್ರಿಯತೆಯ ತುದಿಯಲ್ಲಿದ್ದಾಗಲೇ 1998ರಲ್ಲಿ ಅದನ್ನು ತಾನಾಗಿಯೇ ನಿಲ್ಲಿಸಿದ. ಆಮೇಲೆ ಮೈಕ್ ಹಿಡಿದು ಒಬ್ಬನೇ ಜನರೆದುರು ನಿಂತು ನಗಿಸುವ ತನ್ನ ಹಳೆಯ ಕಸುಬಿಗೇ ಮರಳಿದ. ಅವನಿಗೆ ಕೈತುಂಬ ಹಣವಿತ್ತು, ಅವಸರವಿರಲಿಲ್ಲ. ನಮ್ಮ ಕಡೆಯ ಕಲಾವಿದರಿಗೆ ಅಂಥ ಅನುಕೂಲ ಎಲ್ಲಿಂದ ಬರಬೇಕು?

ಕನ್ನಡದಲ್ಲಿ ಏನಾಯಿತು ನೋಡಿ. 1980ರ ದಶಕದ ಬೆಂಗಳೂರು ದೂರದರ್ಶನದಲ್ಲಿ 'ಸಿಹಿಕಹಿ' ಬಂತು. ಧಾರಾವಾಹಿ ಮುಗಿದರೂ ಹೆಸರು ಉಳಿಯಿತು. ಚಂದ್ರು ಅವರು ಸಿಹಿಕಹಿ ಚಂದ್ರು ಆದರು, ಗೀತಾ ಅವರು ಸಿಹಿಕಹಿ ಗೀತಾ ಆದರು. ಚಂದ್ರು ಜಾಣರು. ಅಂಟಿದ ಹೆಸರನ್ನು ಕಿತ್ತುಹಾಕಲು ಹೋಗದೆ ಅದನ್ನೇ ಅಂಗಡಿಯ ಬೋರ್ಡು ಮಾಡಿಕೊಂಡರು. ಸಿನಿಮಾಗಳಲ್ಲಿ ನಟಿಸಿದರು. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ'ಯಂಥ ಹಾಸ್ಯ ಧಾರಾವಾಹಿಗಳ ಹಿಂದೆ ನಿಂತರು. ಕೊನೆಗೆ 'ಬೊಂಬಾಟ್ ಭೋಜನ' ಎಂದು ಒಲೆಯ ಮುಂದೆ ನಿಂತು ಇನ್ನೊಂದು ತಲೆಮಾರಿಗೂ ಪರಿಚಿತರಾದರು. ಇನ್ನು 'ಸಿಲ್ಲಿ ಲಲ್ಲಿ'ಯಲ್ಲಿ ಡಾಕ್ಟರ್ ವಿಠ್ಠಲ್ ರಾವ್ ಆಗಿದ್ದ ರವಿಶಂಕರ್ ಗೌಡರು ಸಿನಿಮಾಗಳಲ್ಲಿ ನಟಿಸುತ್ತಲೇ ಬಂದಿದ್ದಾರೆ. ಆದರೂ ಅವರನ್ನು ಕಂಡಾಗ ನಿಮ್ಮ ಬಾಯಿಗೆ ಮೊದಲು ಬರುವ ಹೆಸರು ಯಾವುದು, ನಿಜ ಹೇಳಿ!

ಆದರೆ ನಾನು ಇಂದು ಹೇಳಹೊರಟದ್ದು ನಾವು ವಾಸವಾಗಿರುವ ಈ ಪುಣೆಗೆ ಸಂಬಂಧಪಟ್ಟ ಕಥೆ. ಮರಾಠಿ ನೆರೆಮನೆಯವರ ಜೊತೆ ನೀವು ಟಿವಿ ನೋಡಿದ್ದರೆ ಇದರ ತುಂಡುತುಂಡು ನಿಮಗೆ ಗೊತ್ತಿರುತ್ತದೆ. ಒಟ್ಟಿಗೆ ಜೋಡಿಸಿದರೆ ಹೇಗಿರುತ್ತದೆ, ಬನ್ನಿ ನೋಡೋಣ.

ಪುಣೆಯಲ್ಲಿ 1892ರಲ್ಲಿ ಹುಟ್ಟಿದ ಚಿಂತಾಮಣ ವಿನಾಯಕ ಜೋಶಿ ಎಂಬ ವಿದ್ವಾಂಸರಿದ್ದರು. ಮರಾಠಿಗರು ಚಿಂ.ವಿ. ಎನ್ನುತ್ತಾರೆ. ಫರ್ಗ್ಯುಸನ್ ಕಾಲೇಜಿನಲ್ಲಿ ಧರ್ಮಾನಂದ ಕೋಸಂಬಿಯವರ ಬಳಿ ಪಾಲಿ ಕಲಿತು, ಮುಂದೆ ಬಡೋದೆಯಲ್ಲಿ ಆ ಭಾಷೆಯ ಪ್ರಾಧ್ಯಾಪಕರಾದರು. ಬುದ್ಧವಚನ ಪಾಠ ಮಾಡುತ್ತಿದ್ದ ಇದೇ ಮೇಷ್ಟ್ರು ಬಿಡುವಿನಲ್ಲಿ ಸೃಷ್ಟಿಸಿದ್ದು ಚಿಮಣರಾವ್ ಎಂಬ ಪುಕ್ಕಲು, ಸಂಭಾವಿತ, ಸದಾ ಪೇಚಿಗೆ ಸಿಕ್ಕಿಕೊಳ್ಳುವ ಮಧ್ಯಮವರ್ಗದ ಗೃಹಸ್ಥನನ್ನು. ಅವನ ಜೊತೆಗೆ ಗಟ್ಟಿಮುಟ್ಟಾದ, ಮುನ್ನುಗ್ಗುವ ಬಂಧು ಗುಂಡ್ಯಾಭಾವೂ. ನಮ್ಮಲ್ಲಿ ಬೀಚಿಯವರ ತಿಂಮ ಹೇಗೋ ಮರಾಠಿಯಲ್ಲಿ ಈ ಜೋಡಿ ಹಾಗೆ ಮನೆಮಾತು. 1940ರಲ್ಲೇ ಮಾಸ್ಟರ್ ವಿನಾಯಕರ 'ಲಗ್ನ ಪಹಾವೆ ಕರೂನ್' ಚಿತ್ರದಲ್ಲಿ ದಾಮುಅಣ್ಣಾ ಮಾಲವಣಕರ ಮತ್ತು ವಿಷ್ಣುಪಂತ ಜೋಗ ಈ ಪಾತ್ರಗಳಿಗೆ ಜೀವ ಕೊಟ್ಟಿದ್ದರು.

ಮುಂಬಯಿ ದೂರದರ್ಶನ ಶುರುವಾದದ್ದು 1972ರಲ್ಲಿ. ಮರುವರ್ಷ ಪುಣೆಗೂ ಅದರ ಪ್ರಸಾರ ಬಂತು. ಆ ದಶಕದ ಕೊನೆಯಲ್ಲಿ ಚಿಮಣರಾವ್-ಗುಂಡ್ಯಾಭಾವೂ ಧಾರಾವಾಹಿಯಾಗಿ ತೆರೆಗೆ ಬಂದರು. ಇದ್ದದ್ದು ಒಂದೇ ಚಾನೆಲ್, ಅದೂ ಕಪ್ಪು-ಬಿಳುಪು. ಟಿವಿ ಇದ್ದ ಮನೆಗೆ ಇಡೀ ವಠಾರ ಸೇರುತ್ತಿದ್ದ ಕಾಲ. ಅಂಥ ಕಾಲದಲ್ಲಿ ಒಂದು ಮುಖ ಜನರ ಮನಸ್ಸಿನಲ್ಲಿ ಹೇಗೆ ಅಚ್ಚೊತ್ತುತ್ತದೆ ಎಂದು ಇಂದಿನ ನೂರಾರು ಚಾನೆಲ್ಲುಗಳ ನಡುವೆ ಕುಳಿತು ಊಹಿಸುವುದೂ ಕಷ್ಟ. ಚಿಮಣರಾವ್ ಆದವರು ದಿಲೀಪ ಪ್ರಭಾವಳಕರ. ಗುಂಡ್ಯಾಭಾವೂ ಆದವರು ಬಾಳ ಕರ್ವೆ.

ಇಬ್ಬರ ದಾರಿಯೂ ಇಲ್ಲಿಂದ ಬೇರೆಯಾಯಿತು ನೋಡಿ. ಬಾಳ ಕರ್ವೆ ಮುಂಬಯಿ ಮಹಾನಗರಪಾಲಿಕೆಯಲ್ಲಿ ಇಂಜಿನಿಯರಾಗಿದ್ದವರು. ಹೊಟ್ಟೆಪಾಡಿಗೆ ನೌಕರಿ, ಮನಸ್ಸಿಗೆ ರಂಗಭೂಮಿ. ಒಳ್ಳೊಳ್ಳೆಯ ನಾಟಕಗಳಲ್ಲಿ ಪಾತ್ರ ಮಾಡಿದರು. ಆದರೂ 2025ರ ಆಗಸ್ಟ್‌ನಲ್ಲಿ, 95ರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಸುದ್ದಿಯೆಲ್ಲ "ಗುಂಡ್ಯಾಭಾವೂ ಇನ್ನಿಲ್ಲ" ಎಂದೇ. ಧಾರಾವಾಹಿ ಮುಗಿದು ನಾಲ್ಕು ದಶಕ ದಾಟಿತ್ತು! ನೌಕರಿ ಇದ್ದದ್ದರಿಂದ ಆ ಹೆಸರು ಅವರ ಅನ್ನಕ್ಕೆ ಅಡ್ಡ ಬರಲಿಲ್ಲ ಎನ್ನುವುದೇ ಸಮಾಧಾನ.

ಪ್ರಭಾವಳಕರ 1944ರಲ್ಲಿ ಹುಟ್ಟಿದವರು, ಓದಿದ್ದು ವಿಜ್ಞಾನ. ಚಿಮಣರಾವ್ ಬಂದು ಹೋದಾಗ ಅವರಿಗೆ ಮೂವತ್ತೈದರ ಆಸುಪಾಸು. ಮುಂದೆ ಇಡೀ ವೃತ್ತಿಜೀವನ ಬಾಕಿ ಇತ್ತು. ಅವರು ಹಿಡಿದ ದಾರಿ ಏನೆಂದರೆ, ಜನಕ್ಕೆ ತನ್ನ ಗುರುತೇ ಸಿಗದಂತೆ ಮಾಡುವುದು. ಬಣ್ಣ, ಹಲ್ಲು, ನಡಿಗೆ, ಬೆನ್ನಿನ ಬಾಗು ಎಲ್ಲವನ್ನೂ ಪ್ರತಿ ಸಲ ಬದಲಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ ಧ್ವನಿ! ಮುಖದ ಬಣ್ಣ ತೊಳೆದರೆ ಹೋಗುತ್ತದೆ, ಧ್ವನಿ ಹಾಗಲ್ಲ. ನಮ್ಮಂಥ ಉದ್ಘೋಷಕರಿಗೆ ಇದು ಚೆನ್ನಾಗಿ ಗೊತ್ತು. ರಿಕ್ಷಾದಲ್ಲಿ ಕೂತು "ಸ್ವಾರ್‌ಗೇಟ್" ಎಂದರೂ ಸಾಕು, ಯಾರಾದರೂ ಹಿಂತಿರುಗಿ ನೋಡುತ್ತಾರೆ. ಹೀಗಿರುವಾಗ ಒಬ್ಬ ಮನುಷ್ಯ ಹತ್ತಾರು ಕಂಠಗಳನ್ನು ಸಾಕಿಕೊಂಡು, ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ನೋಡಿಕೊಂಡನೆಂದರೆ ನನಗಂತೂ ಅಸೂಯೆಯೇ ಆಗುತ್ತದೆ.

1991ರ 'ಚೌಕಟ ರಾಜಾ' ನೋಡಿ. ಅಲ್ಲಿ ಅವರು ನಂದು, ಬೆಳೆದ ದೇಹದೊಳಗಿನ ಬೆಳೆಯದ ಮಗು. ಸ್ವಲ್ಪ ಹದ ತಪ್ಪಿದರೂ ಥಿಯೇಟರು ನಗುತ್ತಿತ್ತು. ಅದು ಚಿಮಣರಾವ್ ನೋಡಿ ನಕ್ಕಿದ್ದ ಅದೇ ಪ್ರೇಕ್ಷಕವರ್ಗ ತಾನೇ? ಆದರೆ ಜನ ಅತ್ತರು. ಎರಡೇ ವರ್ಷಕ್ಕೆ, 1993ರಲ್ಲಿ, ಮಹೇಶ ಕೊಠಾರೆಯವರ 'ಝಪಾಟಲೇಲಾ' ಬಂತು. ಈಗ ಅವರು ತಾತ್ಯಾ ವಿಂಚೂ. ವಿಂಚೂ ಎಂದರೆ ಚೇಳು. ಸಾಯುವ ಕ್ರೂರಿಯ ಪ್ರಾಣ ಗೊಂಬೆಯೊಳಗೆ ಸೇರಿಕೊಳ್ಳುತ್ತದೆ. ರಾಮದಾಸ ಪಾಧ್ಯೆಯವರ ಆ ಗೊಂಬೆಗೆ ಹೆದರಿ ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗದ ಮಕ್ಕಳು ಈ ಊರಿನಲ್ಲಿ ಎಷ್ಟಿದ್ದರೋ! ನಂದುವಿಗಾಗಿ ಅತ್ತ ಮನೆಗಳೇ ತಾತ್ಯಾ ವಿಂಚೂಗೆ ಬೆಚ್ಚಿಬಿದ್ದವು. ಇಬ್ಬರೂ ಒಬ್ಬರೇ ಎಂದು ಮಕ್ಕಳಿಗೆ ಹೇಳಿದರೆ ಅವರು ನಂಬುತ್ತಿದ್ದರೇ?

ರಂಗಭೂಮಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 'ಹಸವಾ ಫಸವೀ' ಎಂಬ ನಾಟಕವನ್ನು ತಾವೇ ಬರೆದು, ಅದರಲ್ಲಿ ಆರು ಪಾತ್ರಗಳನ್ನು ತಾವೇ ಮಾಡಿದರು. ಅದರಲ್ಲೊಂದು ಸಂಗೀತ ನಾಟಕಗಳ ವೈಭವ ಕಂಡಿದ್ದ ಮುದಿ ನಟನ ಪಾತ್ರ. ನನಗೆ ಈ "ತಾವೇ ಬರೆದು" ಎಂಬುದೇ ಮುಖ್ಯವಾಗಿ ಕಾಣುತ್ತದೆ. ಯಾರಾದರೂ ಕರೆದಾರು ಎಂದು ಫೋನಿನ ಪಕ್ಕ ಕೂರುವ ಕಲಾವಿದನಿಗೆ ಸಿಗುವುದು ಬೇರೆಯವರು ಅವನ ಬಗ್ಗೆ ಕಲ್ಪಿಸಿಕೊಂಡ ಪಾತ್ರ. ಬರೆಯಬಲ್ಲವನಿಗೆ ಆ ಹಂಗಿಲ್ಲ.

ಬರವಣಿಗೆಯ ಮಾತು ಬಂತಲ್ಲ, ನಮ್ಮ ಬಳಗ ಹೆಮ್ಮೆಪಡಬೇಕಾದ ಒಂದು ಸಂಗತಿ ಹೇಳಿಬಿಡುತ್ತೇನೆ. ಮರಾಠಿ ಮಕ್ಕಳ ಪ್ರೀತಿಯ ತುಂಟ ಹುಡುಗ 'ಬೋಕ್ಯಾ ಸಾತಬಂಡೆ' ಹುಟ್ಟಿದ್ದು ಪುಸ್ತಕದಲ್ಲಲ್ಲ, ಆಕಾಶವಾಣಿಯ ಮಕ್ಕಳ ಕಾರ್ಯಕ್ರಮದಲ್ಲಿ. ಪ್ರಭಾವಳಕರ ರೇಡಿಯೋಗೆಂದು ಬರೆದ ಆ ಕಥೆಗಳು ಆಮೇಲೆ ಪುಸ್ತಕಗಳಾದವು, ಸಿನಿಮಾ ಆದವು. 2011ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದದ್ದು ಬೋಕ್ಯಾನಿಂದಲೇ. ನಟನೆಗೆಂದು ಪ್ರಸಿದ್ಧನಾದವನು ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಉದಾಹರಣೆ ಹುಡುಕಲು ಹೋದರೆ ಬೆರಳೆಣಿಕೆಗೂ ಸಿಗಲಿಕ್ಕಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಒಂದು ಹಾಸ್ಯ ಧಾರಾವಾಹಿಯ ಗುರುತಿನಿಂದ ಹೊರಬಂದವರು ಮತ್ತೆ ಟಿವಿ ಹಾಸ್ಯಕ್ಕೆ ಹೋಗಬಾರದಿತ್ತು, ಅಲ್ಲವೇ? ಹೋದರು! ದಿನಪತ್ರಿಕೆಯಲ್ಲಿ ಅವರು 'ಅನುದಿನಿ' ಎಂಬ ಅಂಕಣ ಬರೆಯುತ್ತಿದ್ದರು. ಒಂದೇ ಮನೆಯ ಅಜ್ಜ, ಮಗ, ಸೊಸೆ, ಮೊಮ್ಮಕ್ಕಳು ಒಬ್ಬೊಬ್ಬರೂ ಬರೆದ ಡೈರಿಯ ರೂಪದಲ್ಲಿತ್ತು ಅದು. ಅದನ್ನೇ ಆಧರಿಸಿ 2001ರಲ್ಲಿ ಆಲ್ಫಾ ಮರಾಠಿಯಲ್ಲಿ (ಇದೇ ಮುಂದೆ ಝೀ ಮರಾಠಿ ಆಯಿತು) ಕೇದಾರ ಶಿಂದೆ ನಿರ್ದೇಶನದ 'ಶ್ರೀಯುತ ಗಂಗಾಧರ ಟಿಪರೆ' ಬಂತು. ಅಜ್ಜ 'ಆಬಾ' ಆಗಿ ಪ್ರಭಾವಳಕರ. ಮಗನಾಗಿ ರಾಜನ್ ಭಿಸೆ, ಸೊಸೆಯಾಗಿ ಶುಭಾಂಗಿ ಗೋಖಲೆ.

ಬಾಲ್ಯದಲ್ಲಿ ಆ ಧಾರಾವಾಹಿ ನೋಡಿದ ತಲೆಮಾರು ನಮ್ಮದು. ಅತ್ತೆ ಸೊಸೆಗೆ ವಿಷ ಹಾಕುವುದು, ಒಂದು ಕಣ್ಣು ಮೂರು ಕಡೆಯಿಂದ ತೋರಿಸಿ ಢಂ ಢಂ ಎನ್ನಿಸುವುದು ಟಿವಿಯನ್ನು ತುಂಬಿಕೊಂಡಿದ್ದ ಕಾಲ. ಟಿಪರೆ ಮನೆಯಲ್ಲಿ ಇವು ಯಾವುವೂ ಇರಲಿಲ್ಲ. ಸಣ್ಣ ಜಗಳ, ಸಣ್ಣ ಸುಳ್ಳು, ರಾತ್ರಿ ಊಟದ ಹೊತ್ತಿಗೆ ರಾಜಿ. ಸುಮಾರು ಮೂರು ವರ್ಷ ನಡೆದು ನಿಂತಿತು. ಎಳೆದು ಎಳೆದು ಹಳಸಲಿಲ್ಲ. ಇಂದು ಸಾವಿರ ಕಂತು ದಾಟಿಸುವುದೇ ಸಾಧನೆ ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಅಪಾಯ ಮತ್ತೆ ಅದೇ! ಹಿಂದೆ ಚಿಮಣರಾವ್ ಆಗಿ ಸಿಕ್ಕಿಬಿದ್ದಿದ್ದರೆ, ಈಗ ಅರವತ್ತರ ಹೊಸ್ತಿಲಲ್ಲಿ 'ಆಬಾ' ಆಗಿ ಸಿಕ್ಕಿಬೀಳುವ ಸರದಿ. ಆ ವಯಸ್ಸಿನಲ್ಲಿ ಇನ್ನೊಂದು ಸಲ ಬಿಡಿಸಿಕೊಳ್ಳುವ ಚೈತನ್ಯ ಎಷ್ಟು ಜನರಿಗಿರುತ್ತದೆ?

2006ರ ಸೆಪ್ಟೆಂಬರಿನಲ್ಲಿ ರಾಜಕುಮಾರ ಹಿರಾನಿಯವರ 'ಲಗೇ ರಹೋ ಮುನ್ನಾಭಾಯಿ' ತೆರೆಕಂಡಿತು. ಗ್ರಂಥಾಲಯದಲ್ಲಿ ಮುನ್ನಾನ ಕಣ್ಣಿಗೆ ಗಾಂಧೀಜಿ ಕಾಣಿಸುತ್ತಾರೆ. ಸಿನಿಮಾ ಹಾಸ್ಯದ್ದು, ಎದುರಿಗಿರುವವನು ರೌಡಿ, ಗಾಂಧಿಯಾಗಿರುವವರು ಹಾಸ್ಯನಟ. ನೋಟಿನ ಮೇಲೆ ದಿನವೂ ನೋಡುವ ಮುಖವದು, ಮೂಗಿನ ಅಳತೆ ತಪ್ಪಿದರೂ ದೇಶಕ್ಕೆಲ್ಲ ಗೊತ್ತಾಗುತ್ತದೆ. ಗಾಂಧೀಜಿ ಬಾಯಿ ತೆರೆದ ಕ್ಷಣ ಸಭಾಂಗಣ ಗೊಳ್ಳೆಂದಿದ್ದರೆ ಇಡೀ ಚಿತ್ರ ಅಲ್ಲಿಗೇ ಮುಗಿಯುತ್ತಿತ್ತು. ಪುಣೆಯ ಥಿಯೇಟರುಗಳಲ್ಲಂತೂ ಕೂತಿದ್ದವರು ಮೂರು ವರ್ಷ ಅದೇ ಮನುಷ್ಯನನ್ನು ಮನೆಯ ಅಜ್ಜನಾಗಿ ನೋಡಿ ನಕ್ಕವರು. ಅವರು ಮಾತನಾಡಿದ್ದು ಮೆಲ್ಲಗೆ, ಸ್ವಲ್ಪ ತುಂಟತನದಿಂದ, ಉಪದೇಶದ ಗತ್ತಿಲ್ಲದೆ. ಜನ ಅವರಿಗೆ ನಗಲಿಲ್ಲ, ಅವರ ಜೊತೆ ನಕ್ಕರು. ಹಾಸ್ಯನಟನಿಗೆ ಮಾತ್ರ ಸಿದ್ಧಿಸುವ ಹದ ಅದು. ಗಂಭೀರ ನಟನೊಬ್ಬ ಅಲ್ಲಿ ಪ್ರತಿಮೆಯಾಗಿಬಿಡುತ್ತಿದ್ದನೇನೋ! ಆ ವರ್ಷದ ಪೋಷಕ ನಟ ರಾಷ್ಟ್ರಪ್ರಶಸ್ತಿ ಈ ಚಿತ್ರಕ್ಕೂ 'ಶೇವರಿ' ಎಂಬ ಮರಾಠಿ ಚಿತ್ರಕ್ಕೂ ಸೇರಿ ಅವರಿಗೆ ಬಂತು. ಮರಾಠಿ ಬಾರದ ನಮ್ಮ ಕನ್ನಡದ ಎಷ್ಟೋ ಮಂದಿಗೆ ಅವರು ಗೊತ್ತಿರುವುದೇ "ಆ ಗಾಂಧಿ" ಎಂದು. ಚಿಮಣರಾವ್ ಎಂದರೆ ಯಾರು ಎನ್ನುತ್ತಾರೆ!

ಆಮೇಲಿನದ್ದನ್ನು ಬೇಗ ಹೇಳುತ್ತೇನೆ. 2011ರ 'ದೇವೂಳ'ದಲ್ಲಿ, ದೇವರ ಹೆಸರಿನಲ್ಲಿ ವ್ಯಾಪಾರ ಶುರುವಾದ ಹಳ್ಳಿಯಲ್ಲಿ ಬೇಸತ್ತು ನಿಲ್ಲುವ ವಿವೇಕವಂತ ಅಣ್ಣಾ. ಇದನ್ನು ಮಾಡಿದವರು ನಮ್ಮ ಊರಿನ ಉಮೇಶ ಕುಲಕರ್ಣಿ, ಬರೆದವರು ರೇಡಿಯೋದಲ್ಲಿ ದುಡಿದು ಬಂದ ಗಿರೀಶ ಕುಲಕರ್ಣಿ. ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು 'ದೇವೂಳ' ಹಂಚಿಕೊಂಡದ್ದು ನಮ್ಮ ಕರಾವಳಿಯ ಬ್ಯಾರಿ ಭಾಷೆಯ 'ಬ್ಯಾರಿ' ಚಿತ್ರದೊಂದಿಗೆ ಎಂಬುದು ಕನ್ನಡಿಗರಾದ ನಿಮಗೆ ನೆನಪಿರಲಿ. 2013ರ 'ನಾರಬಾಚೀ ವಾಡೀ'ಯಲ್ಲಿ ತನ್ನ ತೋಟ ಬಿಟ್ಟುಕೊಡದ ಕೊಂಕಣದ ಮುದುಕ ನಾರೋಬಾ.

ಇನ್ನು 2025ರ ಸೆಪ್ಟೆಂಬರಿನಲ್ಲಿ ಬಂದದ್ದು ಸುಬೋಧ ಖಾನೋಲ್ಕರರ 'ದಶಾವತಾರ'. ದಶಾವತಾರ ಎಂದರೆ ಕೊಂಕಣದ ಬಯಲಾಟ. ಯಕ್ಷಗಾನ ನೋಡಿ ಬೆಳೆದ ನಿಮಗೆ ಚೌಕಿಯ ವಾಸನೆ ತಕ್ಷಣ ಮೂಗಿಗೆ ಬರುತ್ತದೆ. ಕಣ್ಣು ಮಂಜಾಗುತ್ತಿದ್ದರೂ ವೇಷ ಕಳಚಲೊಲ್ಲದ ಮುದಿ ಕಲಾವಿದ ಬಾಬುಲಿ ಮೇಸ್ತ್ರಿ ಅದರ ನಾಯಕ. ಆ ಪಾತ್ರ ಮಾಡಿದ ಪ್ರಭಾವಳಕರರಿಗೆ ಆಗ 81 ವರ್ಷ. ಇಡೀ ಚಿತ್ರವೇ ಅವರ ಹೆಗಲ ಮೇಲೆ, ಒಂದರ ಮೇಲೊಂದು ವೇಷ. ಮೊಮ್ಮಕ್ಕಳನ್ನು ಕರೆದುಕೊಂಡು ಹೋದ ಅಜ್ಜಂದಿರು ಕತ್ತಲಲ್ಲಿ ಬಗ್ಗಿ, "ಇವರೇ ಕಣೋ ನಮ್ಮ ಕಾಲದ ಚಿಮಣರಾವ್" ಎಂದು ಪರಿಚಯಿಸಬೇಕಾಯಿತು.