ಯುರೋಪು ಎಲ್ಲಿ ಮುಗಿಯುತ್ತದೆ?

ಭೂಖಂಡಗಳೆಷ್ಟು ಎಂದು ಕೇಳಿದರೆ ನಮ್ಮ ಮಕ್ಕಳು ತಡಮಾಡದೆ ಏಳು ಎನ್ನುತ್ತಾರೆ. ರಷ್ಯದ ಶಾಲೆಯಲ್ಲಿ ಈ ಉತ್ತರಕ್ಕೆ ಅಂಕ ಸಿಕ್ಕುವುದಿಲ್ಲ. ಅಲ್ಲಿ ಯುರೋಪು, ಏಷ್ಯ ಎರಡೂ ಸೇರಿ ಯುರೇಷ್ಯ ಎಂಬ ಒಂದೇ ಖಂಡ, ಒಟ್ಟು ಆರು. ದಕ್ಷಿಣ ಅಮೆರಿಕದ ಸ್ಪ್ಯಾನಿಷ್ ನುಡಿಯ ನಾಡುಗಳಲ್ಲಿ ಎರಡು ಅಮೆರಿಕಗಳನ್ನೂ ಒಂದೆಂದೇ ಎಣಿಸುವ ರೂಢಿ. ನಾವಾದರೂ ಸಂಕಲ್ಪ ಹೇಳುವಾಗ ಜಂಬೂದ್ವೀಪ, ಭರತವರ್ಷ, ಭರತಖಂಡ ಎನ್ನುತ್ತೇವೆ. ಪುರಾಣದ ಏಳು ದ್ವೀಪಗಳಿಗೂ ಶಾಲೆಯ ಏಳು ಖಂಡಗಳಿಗೂ ಸಂಖ್ಯೆಯ ಹೊರತು ಬೇರೆ ಸಂಬಂಧವಿಲ್ಲ.

ಈ ತಕರಾರುಗಳಲ್ಲಿ ಬಹಳ ಸ್ವಾರಸ್ಯವಾದುದು ಯುರೋಪಿನ ಪೂರ್ವದ ಗಡಿ. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನಿಗೇ ಇದು ಬಗೆಹರಿದಿರಲಿಲ್ಲ. ಒಂದೇ ನೆಲಕ್ಕೆ ಯುರೋಪು, ಏಷ್ಯ, ಲಿಬಿಯ (ಆಗ ಆಫ್ರಿಕಕ್ಕೆ ಹಾಗೆನ್ನುತ್ತಿದ್ದರು) ಎಂದು ಮೂವರು ಹೆಂಗಸರ ಹೆಸರುಗಳೇಕೆ, ನದಿಗಳನ್ನು ಗಡಿಯೆಂದವರಾರು ಎಂದು ಆತ ಸೋಜಿಗಪಟ್ಟ. ಆದರೂ ಮುಂದೆ ಸುಮಾರು 2,000 ವರ್ಷ ಪಂಡಿತರು ಡಾನ್ ನದಿಯನ್ನೇ ಗಡಿಯೆಂದು ಬರೆಯುತ್ತ ಬಂದರು. ಡಾನ್ ಹುಟ್ಟುವುದು ಮಾಸ್ಕೋ ನಗರದ ದಕ್ಷಿಣಕ್ಕೆ. ಅಲ್ಲಿಂದ ಉತ್ತರಕ್ಕೆ ಗೆರೆ ಹೇಗೆ ಹೋಗಬೇಕೆಂಬುದರಲ್ಲಿ ಒಮ್ಮತವಿರಲಿಲ್ಲ. ವೋಲ್ಗಾ ತೀರದ ಕಜಾನ್ ಅಂತೂ ಏಷ್ಯಕ್ಕೆ ಸೇರಿಹೋಗುತ್ತಿತ್ತು.

ಪೀಟರ್ ದೊರೆ ರಷ್ಯವನ್ನು ಯುರೋಪಿನ ಶಕ್ತಿಯನ್ನಾಗಿ ಮಾಡಲು ಹೊರಟ ಕಾಲಕ್ಕೆ ಹೊಂದುವ ಗಡಿ ಇದಲ್ಲ. 1709ರ ಪೊಲ್ತಾವಾ ಯುದ್ಧದ ಬಳಿಕ ಸೆರೆಸಿಕ್ಕ ಸ್ವೀಡನ್ನಿನ ಸೇನಾಧಿಕಾರಿ ಸ್ಟ್ರಾಲೆನ್‌ಬರ್ಗ್ ವರ್ಷಗಟ್ಟಲೆ ಸೈಬೀರಿಯದಲ್ಲಿದ್ದ. ಊರಿಗೆ ಮರಳಿ 1730ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಡಿಯನ್ನು ಉರಲ್ ಪರ್ವತಗಳಿಗೆ ಸರಿಸಿದ. ಉರಲ್ ಸೀಮೆಯ ಗಣಿಗಳ ಉಸ್ತುವಾರಿ ನೋಡಿದ್ದ ತತಿಶ್ಚೇವ್, ಆ ಸಲಹೆ ಕೊಟ್ಟವನು ತಾನೇ ಎಂದು ಹೇಳಿಕೊಂಡ. ಕಡತದಲ್ಲಿ ಟಿಪ್ಪಣಿ ಬರೆದವನೊಬ್ಬ, ರುಜು ಹಾಕಿದವನೊಬ್ಬ ಎಂಬಂತಾಯಿತು! ಯಾರದೇ ಆಗಲಿ, ಲಾಭ ರಷ್ಯಕ್ಕೆ. ಉರಲ್‌ನ ಇತ್ತ ಯುರೋಪಿನ ತಾಯ್ನೆಲ, ಅತ್ತ ತುಪ್ಪುಳು ಚರ್ಮ, ಲೋಹ ಒದಗಿಸುವ ಏಷ್ಯದ ವಸಾಹತು. ಮುಂದೆ ಇಂಗ್ಲೆಂಡಿಗೆ ಇಂಡಿಯ ಒದಗಿದ ಹಾಗೆಯೇ. 1837ರಲ್ಲಿ ಯುವರಾಜ ಅಲೆಕ್ಸಾಂಡರ್ ಆ ಕಡೆ ಪ್ರವಾಸ ಬಂದಾಗ ಸೈಬೀರಿಯದ ಹೆದ್ದಾರಿಯಲ್ಲಿ ಗಡಿ ತೋರಿಸುವ ಕಂಬವನ್ನೂ ನಿಲ್ಲಿಸಿದರು.

ಭೂವಿಜ್ಞಾನ ಬಲ್ಲವರಿಗೆ ಇದರಲ್ಲೊಂದು ತಮಾಷೆ ಕಾಣುತ್ತದೆ. ಉರಲ್ ಸಾಲು ಎದ್ದದ್ದು ಸುಮಾರು 25–30 ಕೋಟಿ ವರ್ಷಗಳ ಹಿಂದೆ, ಎರಡು ಕಡೆಯ ನೆಲಗಳು ಡಿಕ್ಕಿ ಹೊಡೆದು ಬೆಸೆದುಕೊಂಡಾಗ. ಹೊಲಿಗೆ ಬಿದ್ದ ಜಾಗವನ್ನೇ ನಮ್ಮ ನಕ್ಷೆಗಳು ಹರಿದ ಜಾಗವೆಂದು ತೋರಿಸುತ್ತಿವೆ. ಉರಲ್‌ನ ಎತ್ತರವಾದರೂ 2,000 ಮೀಟರ್ ಮುಟ್ಟುವುದಿಲ್ಲ. 8,000 ಮೀಟರ್ ಮೀರಿದ ಶಿಖರಗಳ ಹಿಮಾಲಯದ ಈಚೆಗಿರುವ ನಮಗೆ ಮಾತ್ರ ಉಪಖಂಡದ ಪದವಿ, ಬಡ್ತಿಯಿಲ್ಲ.

ದಕ್ಷಿಣದ ತುದಿಯಲ್ಲಿ ಈ ಗೆರೆ ಇಂದಿಗೂ ಇತ್ಯರ್ಥವಾಗಿಲ್ಲ. ಕಾಕಸಸ್ ಪರ್ವತದ ನೆತ್ತಿಯನ್ನು ಗಡಿಯೆಂದರೆ 5,642 ಮೀಟರಿನ ಎಲ್ಬ್ರುಸ್ ಯುರೋಪಿನ ಅತ್ಯುನ್ನತ ಶಿಖರ. ಉತ್ತರದ ಕುಮಾ–ಮಾನಿಚ್ ತಗ್ಗನ್ನು ಗಡಿಯೆಂದರೆ ಆ ಪಟ್ಟ ಆಲ್ಪ್ಸಿನ ಮೋಂ ಬ್ಲಾಂಕ್ ಶಿಖರಕ್ಕೆ. ಏಳು ಖಂಡಗಳ ಏಳು ಶಿಖರಗಳನ್ನೇರಲು ಹೊರಟವರಲ್ಲಿ ಕೆಲವರು, ಯಾವುದಕ್ಕೂ ಇರಲಿ ಎಂದು ಎರಡನ್ನೂ ಹತ್ತಿ ಬರುತ್ತಾರೆ.