ಕೈಯಿಂದ ಕೈಗೆ ಬಂದ ಸರ್ವರ್

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಬಳಸುತ್ತಿದ್ದ ಕಪ್ಪು ನೆಕ್ಸ್ಟ್ ಕಂಪ್ಯೂಟರಿಗೆ ಒಂದು ಚೀಟಿ ಅಂಟಿಸಿತ್ತು. ‘ಈ ಯಂತ್ರ ಸರ್ವರ್, ಆಫ್ ಮಾಡಬೇಡಿ’ ಎಂಬುದು ಕೆಂಪು ಶಾಯಿಯಲ್ಲಿದ್ದ ಆ ಬರಹದ ಸಾರ. 1990ರ ಕೊನೆಯಲ್ಲಿ ಯಾರಾದರೂ ಅದರ ಸ್ವಿಚ್ ಒತ್ತಿದ್ದರೆ ಇಡೀ ವೆಬ್ಬೇ ಮುಚ್ಚುತ್ತಿತ್ತು. ಅದು ಮಾಡುತ್ತಿದ್ದ ಕೆಲಸವಾದರೂ ಎಷ್ಟು? ಬ್ರೌಸರ್ ಒಂದು ಸಾಲಿನಲ್ಲಿ ‘ಇಂಥ ಕಡತ ಕೊಡು’ ಎನ್ನುತ್ತದೆ. ಸರ್ವರ್ ಡಿಸ್ಕಿನಿಂದ ಅದನ್ನು ತೆಗೆದು ಕೊಡುತ್ತದೆ. ಮೂವತ್ತು ವರ್ಷ ದಾಟಿದ ಮೇಲೂ ಮೂಲ ಕಸುಬು ಅದೇ. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಾಂಶದ ಮೇಲಿನ ಹಕ್ಕು ಬಿಟ್ಟುಕೊಟ್ಟು ಎಲ್ಲರದ್ದಾಗಿಸಿತು. ಮುಂದಿನ ಕಥೆಗೆಲ್ಲ ಅದೇ ಬುನಾದಿ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರ್ ಬೇಗ ಮನೆಮಾತಾಯಿತು. 1994ರಲ್ಲಿ ಅವರು ಕೆಲಸ ಬಿಟ್ಟು ಹೊರಟರು. ಸಾಮಾನ್ಯ ಕಂಪನಿಯ ಸರಕಾಗಿದ್ದರೆ ಅಲ್ಲಿಗೆ ಮುಗಿಯಿತು ಎನ್ನಬೇಕಿತ್ತು. ಆದರೆ ಮೂಲ ಸಂಕೇತ ಎಲ್ಲರ ಕೈಯಲ್ಲಿತ್ತು. ಊರೂರಿನ ವೆಬ್‌ಮಾಸ್ಟರುಗಳು ತಮ್ಮ ತಮ್ಮ ಸರ್ವರಿಗೆ ತಾವೇ ತೇಪೆ ಹಚ್ಚಿಕೊಂಡು ನಡೆಸುತ್ತಿದ್ದರು. 1995ರ ಫೆಬ್ರವರಿಯಲ್ಲಿ ಬ್ರಯಾನ್ ಬೆಲೆಂಡಾರ್ಫ್ ಸೇರಿ ಎಂಟು ಮಂದಿ ಆ ತೇಪೆಗಳನ್ನೆಲ್ಲ ಒಂದೆಡೆ ಕಲೆಹಾಕಲು ಗುಂಪು ಕಟ್ಟಿದರು. ಏಪ್ರಿಲ್‌ನಲ್ಲಿ ಅಪಾಚೆ 0.6.2 ಹೊರಬಂತು, ಡಿಸೆಂಬರ್ 1ಕ್ಕೆ 1.0. 1996ರ ಏಪ್ರಿಲ್ ಹೊತ್ತಿಗೆ ನೆಟ್‌ಕ್ರಾಫ್ಟ್ ಸಮೀಕ್ಷೆಯಲ್ಲಿ ಅದಕ್ಕೇ ಮೊದಲ ಸ್ಥಾನ. ‘ಎ ಪ್ಯಾಚಿ’, ಅಂದರೆ ತೇಪೆಗಳ ಸರ್ವರ್ ಎಂಬ ಶ್ಲೇಷೆ ಹೆಸರಿಗೆ ಅಂಟಿಕೊಂಡಿದೆ. ಅಪಾಚೆ ಬುಡಕಟ್ಟಿನ ಮೇಲಿನ ಗೌರವಕ್ಕೆ ಇಟ್ಟದ್ದು ಎಂಬುದು ಬೆಲೆಂಡಾರ್ಫ್ ಮಾತು. ನನಗೆ ಮಾತ್ರ ತೇಪೆಯ ಕಥೆಯೇ ಇಷ್ಟ.

ಲಿನಕ್ಸ್, ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ ಸೇರಿದ ‘ಲ್ಯಾಂಪ್’ ಜೋಡಿಕೆಯಿಂದ ಪುಡಿಗಾಸಿನಲ್ಲಿ ಜಾಲತಾಣ ನಡೆಸುವುದು ಸಾಧ್ಯವಾಯಿತು. ಕನ್ನಡಿಗರಿಗೆ ಅಲ್ಲೊಂದು ಮುಳ್ಳಿತ್ತು. ಅಪಾಚೆ 2.0 ಜತೆ ಬರುತ್ತಿದ್ದ ಸಂರಚನಾ ಕಡತದಲ್ಲಿ ಪುಟಗಳೆಲ್ಲ ಪಶ್ಚಿಮ ಯುರೋಪಿನ ಲಿಪಿಯವು ಎಂದು ಘೋಷಿಸುವ ಸಾಲೊಂದಿತ್ತು. ಪುಟದೊಳಗೆ ನೀವು ಯೂನಿಕೋಡ್ ಎಂದು ಬರೆದಿದ್ದರೂ ಬ್ರೌಸರ್ ನಂಬುವುದು ಸರ್ವರ್ ಹೇಳಿದ್ದನ್ನೇ. ಹಾಗಾಗಿ ಒಂದೊಂದು ಕನ್ನಡ ಅಕ್ಷರವೂ ಮೂರು ಚೂರಾಗಿ, ನೆತ್ತಿಯ ಮೇಲೆ ಗೀಟು ಹೊತ್ತ ರೋಮನ್ ‘ಎ’ಗಳ ಮೆರವಣಿಗೆ ಪರದೆ ತುಂಬ ಕಾಣುತ್ತಿತ್ತು. ಫಾಂಟನ್ನು ಎಷ್ಟು ಬೈದರೂ ಪ್ರಯೋಜನವಿಲ್ಲ. ತಿದ್ದಬೇಕಿದ್ದದ್ದು ಆ ಒಂದು ಸಾಲು.

ಅಪಾಚೆಯ ನಿಜವಾದ ತೊಡಕು ಗರ್ದಿಯದು. ಹಳೆಯ ಕ್ರಮದಲ್ಲಿ ಅದು ಒಬ್ಬೊಬ್ಬ ಗಿರಾಕಿಗೂ ಒಬ್ಬ ಮಾಣಿಯನ್ನು ನೇಮಿಸಿದ ಹೋಟೆಲಿನಂತೆ: ಗಿರಾಕಿ ನಿಧಾನಕ್ಕೆ ಕಾಫಿ ಹೀರುತ್ತಿದ್ದರೂ ಮಾಣಿ ಪಕ್ಕದಲ್ಲೇ ನಿಂತಿರಬೇಕು. ಒಂದೇ ಯಂತ್ರ ಹತ್ತು ಸಾವಿರ ಸಂಪರ್ಕ ನಿಭಾಯಿಸುವುದು ಹೇಗೆ ಎಂದು 1999ರಲ್ಲಿ ಡ್ಯಾನ್ ಕೆಗೆಲ್ ಕೇಳಿದ್ದು ಈ ಕಾರಣಕ್ಕೆ. ಉತ್ತರಗಳಲ್ಲಿ ಲೈಟಿ ಎಂಬ ಸರ್ವರೂ ಒಂದು. ಆದರೆ ಗೆದ್ದದ್ದು ರಷ್ಯಾದ ರ್‍ಯಾಂಬ್ಲರ್‌ನಲ್ಲಿದ್ದ ಈಗರ್ ಸಿಸೊಯೆವ್ 2002ರಲ್ಲಿ ಶುರುಮಾಡಿ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್. ಇಲ್ಲಿ ಮಾಣಿಗಳು ಕೆಲವೇ ಮಂದಿ. ಯಾವ ಮೇಜಿನಿಂದ ಕರೆ ಬಂತೋ ಅಲ್ಲಿಗೆ ಹೋಗಿ, ಕೊಟ್ಟು, ಮುಂದಿನ ಮೇಜಿಗೆ.

2019ರಲ್ಲಿ ಎಫ್5 ಕಂಪನಿ 67 ಕೋಟಿ ಡಾಲರಿಗೆ ಎಂಜಿನ್‌ಎಕ್ಸ್ ಕಂಪನಿಯನ್ನು ಕೊಂಡಿತು. 2024ರಲ್ಲಿ ಹಿರಿಯ ಪ್ರೋಗ್ರಾಮರ್ ಮ್ಯಾಕ್ಸಿಮ್ ಡುನಿನ್ ಕಂಪನಿಯ ಧೋರಣೆಗೆ ಮುನಿಸಿಕೊಂಡು, ಅದೇ ಸಂಕೇತದಿಂದ ‘ಫ್ರೀಎಂಜಿನ್‌ಎಕ್ಸ್’ ಎಂಬ ಕವಲು ತೆಗೆದರು. ಮೆಕೂಲ್ ಹೊರಟಾಗ ಉಳಿದವರು ಮುಂದುವರಿಸಿದ್ದರು. ಇಲ್ಲಿ ಹೊರಟವರೇ ಹೊತ್ತುಕೊಂಡು ಹೋದರು. ಎರಡಕ್ಕೂ ಪರವಾನಗಿ ಅಡ್ಡ ಬರಲಿಲ್ಲ. ಬಿಟ್ಟಿ ಸಿಗುತ್ತದೆ ಎಂಬುದಕ್ಕಿಂತ ಓಪನ್ ಸೋರ್ಸಿನ ದೊಡ್ಡ ಲಾಭ ಇದೇ ಎಂದು ನನ್ನ ಎಣಿಕೆ.

ಹೊಸದಾಗಿ ಕೈಹಾಕುವವರಿಗೆ ಗೋ ಭಾಷೆಯಲ್ಲಿ ಬರೆದ, 2015ರಲ್ಲಿ ಬಂದ ಕ್ಯಾಡಿ ಸಲೀಸು. ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಅದೇ ತರುತ್ತದೆ, ಅವಧಿ ಮುಗಿಯುವ ಮುನ್ನ ಅದೇ ನವೀಕರಿಸುತ್ತದೆ. ಆದರೂ ಒಮ್ಮೆ ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಹಾಕಿ ಒದ್ದಾಡಿ ನೋಡಿ ಎನ್ನುತ್ತೇನೆ. ಸ್ವಾಗತ ಪುಟ ಒಂದೇ ಆಜ್ಞೆಗೆ ಬಂದುಬಿಡುತ್ತದೆ. ನಿಮ್ಮದೇ ಪುಟವನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿಟ್ಟು ದಾರಿ ತೋರಿಸಿದಿರೋ, ‘403 ಫರ್ಬಿಡನ್’ ಎದುರಾಗಬಹುದು. ಕಾರಣ ಎರರ್ ಲಾಗಿನ ಕೊನೆಯ ಸಾಲಿನಲ್ಲೇ ಇರುತ್ತದೆ: ಸರ್ವರ್ ಓಡುವುದು ಬೇರೊಂದು ಬಳಕೆದಾರ ಖಾತೆಯಲ್ಲಿ, ಅದಕ್ಕೆ ನಿಮ್ಮ ಮನೆಯೊಳಗೆ ಪ್ರವೇಶವಿಲ್ಲ. ಕಡತವನ್ನು ‘ವಾರ್’ ಕೆಳಗಿನ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಫೋಲ್ಡರಿಗೆ ಸಾಗಿಸಿ, ದಾರಿಯನ್ನೂ ಅಲ್ಲಿಗೇ ತಿರುಗಿಸಿದರೆ ಪುಟ ತೆರೆದುಕೊಳ್ಳುತ್ತದೆ.

ಆಮೇಲೆ ಆಕ್ಸೆಸ್ ಲಾಗ್ ತೆರೆದಿಟ್ಟು ಸುಮ್ಮನೆ ಕೂತಿರಿ. ಮೊದಲಿಗೆ ನಿಮ್ಮದೇ ಭೇಟಿಯ ಸಾಲು. ಸರ್ವರ್ ಇಂಟರ್‌ನೆಟ್ಟಿಗೆ ತೆರೆದಿದ್ದರೆ, ವಿಳಾಸ ಯಾರಿಗೂ ಹೇಳದಿದ್ದರೂ, ಸ್ವಲ್ಪ ಹೊತ್ತಿಗೆ ಎಲ್ಲಿಯದೋ ಯಂತ್ರವೊಂದು ಬಂದು, ನೀವು ಹಾಕಿಯೇ ಇಲ್ಲದ ವರ್ಡ್‌ಪ್ರೆಸ್‌ನ ಲಾಗಿನ್ ಪುಟ ಎಲ್ಲಿ ಎಂದು ಕೇಳುತ್ತದೆ. ಸರ್ವರ್ 404 ಎಂದು ಹೇಳಿ ಕಳಿಸುತ್ತದೆ. ಅದು ಮತ್ತೆ ಬರುತ್ತದೆ.