ಓದದೆ ಉಳಿದ ಎಂಟು ವಚನಗಳು

ನಿಮ್ಮ ಮನೆಯಲ್ಲಿರುವ ಬೈಬಲನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಯಾವ ಪುಟವನ್ನೂ ಹುಡುಕದೆ ಸುಮ್ಮನೆ ಅಂಗೈ ಮೇಲಿಟ್ಟು ಬಿಚ್ಚಿ. ಹಲವು ವರ್ಷ ಬಳಕೆಯಲ್ಲಿದ್ದ ಗ್ರಂಥವಾದರೆ ಅದು ತಾನಾಗಿಯೇ ಒಂದು ಪುಟದಲ್ಲಿ ತೆರೆದುಕೊಳ್ಳುತ್ತದೆ. ಮನೆಯ ಹಿರಿಯರು ಯಾವ ಭಾಗವನ್ನು ಮತ್ತೆ ಮತ್ತೆ ಓದುತ್ತಿದ್ದರು, ಯಾವ ಕಷ್ಟದಲ್ಲಿ ಯಾವ ಮಾತಿಗೆ ಜೋತುಬಿದ್ದಿದ್ದರು ಎಂಬುದನ್ನು ಆ ಪುಟವೇ ಹೇಳುತ್ತದೆ. ಇತಿಹಾಸವೆಂದರೆ ಅರಸರ ಶಾಸನಗಳಷ್ಟೇ ಅಲ್ಲ. ಕೈಬೆರಳ ಎಣ್ಣೆಯ ಗುರುತು ಹತ್ತಿದ ಪುಟವೂ ಇತಿಹಾಸವೇ.

ಸವಳಂಗದ ನಮ್ಮ ಮನೆಯಲ್ಲಿದ್ದ ಹಳೆಯ ಸತ್ಯವೇದವು ಎರಡು ಕಡೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಒಂದು, 23ನೆಯ ಕೀರ್ತನೆ. ಇನ್ನೊಂದು, ಸಂತ ಲೂಕನ ಶುಭಸಂದೇಶದ 15ನೆಯ ಅಧ್ಯಾಯ. ಮೊದಲನೆಯದು ಅವ್ವನ ಪುಟ, ಎರಡನೆಯದು ಅಪ್ಪನ ಪುಟ. ಅವ್ವನ ಆಯ್ಕೆ ನಮಗೆ ಸುಲಭವಾಗಿ ಅರ್ಥವಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕಡೆಯಿಂದ ಕುರಿಮಂದೆಗಳು ನಮ್ಮ ಭಾಗಕ್ಕೆ ಬರುತ್ತಿದ್ದವು. ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆಯನ್ನು ತಂಗಿಸಿದರೆ ಭೂಮಿಗೆ ಗೊಬ್ಬರ, ಕುರುಬನಿಗೆ ಕಾಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಂಕುಳಲ್ಲಿ ಆಗಷ್ಟೇ ಹುಟ್ಟಿದ ಮರಿ. ಈ ಚಿತ್ರವನ್ನು ಕಣ್ಣಾರೆ ಕಂಡವರಿಗೆ ದಾವೀದನ ಕೀರ್ತನೆಗೆ ಬೇರೆ ವ್ಯಾಖ್ಯಾನ ಬೇಕಿರಲಿಲ್ಲ. ಹಳೆಯ ಸತ್ಯವೇದದಲ್ಲಿ ದೇವರನ್ನು ಕರೆದಿರುವುದು 'ಕುರುಬ'ನೆಂದೇ. ನಂತರದ ಅನುವಾದದಲ್ಲಿ 'ಕುರಿಗಾಹಿ' ಎಂಬ ಪದ ಬಂದಿತು. ಅದು ಶಿಷ್ಟವಾದ ಪದ, ಒಪ್ಪುವಂಥದ್ದೇ. ಆದರೂ ಅವ್ವನಿಗೆ ಕೊನೆಯವರೆಗೂ ದೇವರು ಕುರುಬನೇ ಆಗಿದ್ದನು.

ಅಪ್ಪನ ಪುಟದ ಕಥೆ ಬೇರೆ. ಅದನ್ನು ಹೇಳುವ ಮುನ್ನ, ಆ ಪುಟವು ಕನ್ನಡದಲ್ಲಿ ನಮ್ಮ ಮನೆಯವರೆಗೆ ಹೇಗೆ ಬಂದಿತು ಎಂಬುದನ್ನು ಸ್ವಲ್ಪ ನೋಡೋಣ.

ನಮ್ಮ ಪೂರ್ವಜರಲ್ಲಿ ಬಹುಪಾಲು ಮಂದಿ ಪವಿತ್ರಗ್ರಂಥವನ್ನು ಕಂಡವರಲ್ಲ, ಕೇಳಿದವರು. ಹದಿನೇಳನೆಯ ಶತಮಾನದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಬರಹಗಳನ್ನು ರಚಿಸಿದರು. ಆದರೆ ಬಲಿಪೂಜೆ ಲತೀನಿನಲ್ಲಿತ್ತು. ವಿಶ್ವಾಸಿಗಳ ಬೈಬಲ್ ಎಂದರೆ ಜಪಸರದ ರಹಸ್ಯಗಳು, ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳು, ಗುರುಗಳು ಹೇಳಿದ ಕಥೆಗಳು. ಗಬ್ರಿಯೇಲ ದೂತನ ವಾರ್ತೆ, ಎಲಿಜಬೇತಳ ಮನೆಗೆ ಮರಿಯಮ್ಮನವರ ಭೇಟಿ, ಗೋದಲಿ, ಶಿಲುಬೆ: ಅಂದಿನವರ ಪ್ರೀತಿಯ ಭಾಗಗಳು ಇವೇ. ಕಿವಿಗೆ ಬಿದ್ದದ್ದಷ್ಟೇ ಹೃದಯಕ್ಕೆ ಇಳಿಯಲು ಸಾಧ್ಯ.

ದುಂದುಗಾರ ಮಗನ ಸಾಮತಿಯನ್ನೇ ತೆಗೆದುಕೊಳ್ಳಿ. ಅದು ಲೂಕನ ಶುಭಸಂದೇಶವೊಂದರಲ್ಲಿಯೇ ಇದೆ. ಹಳೆಯ ಲತೀನ್ ಪೂಜಾಕ್ರಮದಲ್ಲಿ ಅದಕ್ಕೆ ಭಾನುವಾರದ ಸ್ಥಾನವಿರಲಿಲ್ಲ. ತಪಸ್ಸುಕಾಲದ ಎರಡನೆಯ ವಾರದ ಶನಿವಾರ ಅದನ್ನು ಓದಲಾಗುತ್ತಿತ್ತು. ಭಾನುವಾರ ಮಾತ್ರ ದೇವಾಲಯಕ್ಕೆ ಬರುವ ಬೇಸಾಯಗಾರನಿಗೆ, ಕ್ರೈಸ್ತಲೋಕದ ಅತ್ಯಂತ ಸುಂದರ ಕಥೆಯೊಂದು ಪೂಜೆಯ ವಾಚನವಾಗಿ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಈ ಸಾಮತಿಯ ಬಗ್ಗೆಯೇ ನಮ್ಮ ನಾಡಿನಲ್ಲಿ ಒಂದು ಸ್ವಾರಸ್ಯಕರ ಪ್ರಸಂಗ ದಾಖಲಾಗಿದೆ. ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಭೆಯ ಅಬ್ಬೆ ದ್ಯುಬುವಾ ಅವರ ಹೆಸರನ್ನು ನೀವು ಕೇಳಿರಬಹುದು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯ ಕಥೋಲಿಕರನ್ನು ಮತ್ತೆ ಒಂದುಗೂಡಿಸಿದವರು ಅವರು. ಕಾವಿ ಉಟ್ಟು, ಸಸ್ಯಾಹಾರಿಯಾಗಿ, ಈ ನೆಲದ ಸನ್ಯಾಸಿಯಂತೆ ಬದುಕಿದವರು. ಒಮ್ಮೆ ಅವರು ದುಂದುಗಾರ ಮಗನ ಸಾಮತಿಯನ್ನು ವಿವರಿಸುತ್ತಾ, ಮರಳಿ ಬಂದ ಮಗನಿಗಾಗಿ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂದು ಹೇಳಿದರು. ಕೇಳುಗರು ನೊಂದುಕೊಂಡರು. ಇನ್ನು ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿ ಎಂದು ಹೇಳಿ ಎಂಬ ಸಲಹೆಯೂ ಅವರಿಗೆ ಬಂದಿತು. 1823ರಲ್ಲಿ ಭಾರತವನ್ನು ಬಿಟ್ಟುಹೋದ ದ್ಯುಬುವಾ ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಈ ಅನುಭವವನ್ನು ಬರೆದು, ಬೈಬಲನ್ನು ಭಾರತೀಯ ಭಾಷೆಗಳಿಗೆ ಹಾಗೆಯೇ ಅನುವಾದಿಸಿ ಜನರ ಕೈಗೆ ಕೊಡುವುದರಿಂದ ಪ್ರಯೋಜನವಿಲ್ಲವೆಂದು ವಾದಿಸಿದರು. ಮೂವತ್ತು ವರ್ಷ ಈ ಜನರ ನಡುವೆ ಬಾಳಿದವರ ಸಂದೇಹವನ್ನು ನಾವು ಹಗುರವಾಗಿ ಕಾಣುವಂತಿಲ್ಲ.

ಆದರೆ ಅದೇ ವೇಳೆಗೆ ಬೇರೆ ಕೆಲವರು ಆ ಕಠಿಣ ಕಾರ್ಯಕ್ಕೆ ಕೈಹಾಕಿ ಆಗಿತ್ತು. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತರುತ್ತಿದ್ದರು. 1812ರ ಮಾರ್ಚ್ 11ರಂದು ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದ, ಅಚ್ಚಿನ ಮೊಳೆಗಳೊಂದಿಗೆ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿಯಾಯಿತು. ಕೇರಿ ಎದೆಗುಂದಲಿಲ್ಲ, ಮತ್ತೆ ಮೊದಲ ಪುಟದಿಂದ ಆರಂಭಿಸಿದರು. ಇತ್ತ ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಜನರ ಬಾಯಿಂದಲೇ ಕನ್ನಡ ಕಲಿತು ಅನುವಾದಕ್ಕೆ ತೊಡಗಿದರು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟಿನ ಕೆಲಸವನ್ನೂ ಮಾಡಿದರು. 1831ರಲ್ಲಿ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದಿತು. ಕರುವು ಕರುವಾಗಿಯೇ ಉಳಿಯಿತು, ಕನ್ನಡಿಗರೂ ಆ ಕಥೆಯನ್ನು ಪ್ರೀತಿಸಿದರು. ದ್ಯುಬುವಾ ಅವರು ಕಂಡ ತೊಡಕು ನಿಜ. ಆದರೆ ಆ ಸಾಮತಿಯಲ್ಲಿ ನಮ್ಮ ಹಳ್ಳಿಗರ ಎದೆಗೆ ತಾಕಿದ್ದು ಔತಣದ ಅಡಿಗೆಯಲ್ಲ, 'ನನ್ನ ಪಾಲು ನನಗೆ ಕೊಡು' ಎಂಬ ಅರ್ಥದ ಮಗನ ಮಾತು. ಪಾಲಿನ ಮಾತು ಏಳದ ಒಕ್ಕಲು ಮನೆ ಯಾವುದಿದೆ ಹೇಳಿ?

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಕೆಲಸವನ್ನು ಮುಂದುವರಿಸಿದರು. ನಿಘಂಟಿನಿಂದ ಹೆಸರಾದ ಫರ್ಡಿನೆಂಡ್ ಕಿಟೆಲ್ 1862ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುಸ್ವಾಮಿಯ ಚರಿತೆಯನ್ನು ಕನ್ನಡ ಪದ್ಯಕ್ಕೆ ತಂದರು. ಗದ್ಯಕ್ಕಿಂತ ಹಾಡು ನಮ್ಮ ಜನರಲ್ಲಿ ಬೇಗ ನೆಲೆಗೊಳ್ಳುತ್ತದೆ ಎಂಬುದನ್ನು ಆ ಜರ್ಮನ್ ವಿದ್ವಾಂಸರು ಬಲ್ಲವರಾಗಿದ್ದರು.

ಒಮ್ಮೆ ಕನ್ನಡವಾದ ಮೇಲೆ ಈ ಗ್ರಂಥವು ಕ್ರೈಸ್ತರ ಸ್ವತ್ತಾಗಿ ಮಾತ್ರ ಉಳಿಯಲಿಲ್ಲ. ಇಂದಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಬಾಳಿದ ರಾಷ್ಟ್ರಕವಿ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿಸಿದರು. ಇಡೀ ಬೈಬಲಿನಲ್ಲಿ ಆ ಮಹಾಕವಿಯ ಮನಸ್ಸು ನೆಟ್ಟದ್ದು ಶಿಲುಬೆಯ ಬೆಟ್ಟದ ಮೇಲೆ. ಬುದ್ಧನ ಅಂತ್ಯಕಾಲವನ್ನು 'ವೈಶಾಖಿ'ಯಲ್ಲಿ ಹಾಡಿದವರೂ ಅವರೇ. ಮಹಾತ್ಮರ ಕೊನೆಯ ಗಳಿಗೆಯಲ್ಲಿ ಅವರ ಇಡೀ ಬಾಳಿನ ತಿರುಳು ಕಾಣುತ್ತದೆಂದು ಅವರಿಗೆ ಅನಿಸಿರಬೇಕು. ಶುಭಸಂದೇಶಕಾರರಿಗೂ ಹಾಗೆಯೇ ಅನಿಸಿತ್ತು. ನಾಲ್ವರೂ ಉಳಿದೆಲ್ಲ ದಿನಗಳಿಗಿಂತ ಆ ಕೆಲವು ದಿನಗಳಿಗೆ ಹೆಚ್ಚು ಎಡೆ ಕೊಟ್ಟಿದ್ದಾರೆ.

ನಮ್ಮ ಕಥೋಲಿಕ ಕುಟುಂಬಗಳಿಗೆ ಬಾಗಿಲು ವಿಶಾಲವಾಗಿ ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. 1963ರ ಡಿಸೆಂಬರ್ 4ರಂದು ಹೊರಟ ದೈವಾರಾಧನೆಯ ಸಂವಿಧಾನವು ಪೂಜೆಗೆ ಜನರ ನುಡಿಯನ್ನು ತರಲು ಹಾದಿ ಮಾಡಿತು. 1965ರ ನವೆಂಬರ್ 18ರಂದು ಹೊರಟ ದೈವವಾಣಿಯ ಸಂವಿಧಾನವು ಪವಿತ್ರಗ್ರಂಥವು ಎಲ್ಲ ವಿಶ್ವಾಸಿಗಳಿಗೂ ಧಾರಾಳವಾಗಿ ದೊರೆಯುವಂತಿರಬೇಕೆಂದು ಸಾರಿತು. 1969ರಲ್ಲಿ ಹೊಸ ವಾಚನಕ್ರಮ ಜಾರಿಗೆ ಬಂದಿತು. ಒಂದೇ ವರ್ಷದ ಆವರ್ತನದ ಬದಲು ಭಾನುವಾರಗಳಿಗೆ ಮೂರು ವರ್ಷಗಳ ಆವರ್ತನ. ಮತ್ತಾಯ, ಮಾರ್ಕ, ಲೂಕ ಒಬ್ಬೊಬ್ಬರಿಗೆ ಒಂದೊಂದು ವರ್ಷ. ಶನಿವಾರದ ಮೂಲೆಯಲ್ಲಿದ್ದ ದುಂದುಗಾರ ಮಗನು, ಲೂಕನ ವರ್ಷದ ತಪಸ್ಸುಕಾಲದ ನಾಲ್ಕನೆಯ ಭಾನುವಾರಕ್ಕೆ ಬಂದು ನಿಂತನು.

ಈಗ ಅಪ್ಪನ ಪುಟಕ್ಕೆ ಬರುತ್ತೇನೆ.

ರಾತ್ರಿ ಜಪಸರವಾದ ಮೇಲೆ ಅಪ್ಪ ಆಗಾಗ ಆ ಸಾಮತಿಯನ್ನು ಓದುತ್ತಿದ್ದರು. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಹೋಗಿ ಅಪ್ಪಿಕೊಳ್ಳುವ ಕಡೆ ಅವರ ಸ್ವರ ತಗ್ಗುತ್ತಿತ್ತು. ಔತಣ ಆರಂಭವಾಯಿತು ಎಂಬ 24ನೆಯ ವಚನಕ್ಕೆ ಬಂದೊಡನೆ ಗ್ರಂಥವನ್ನು ಮುಚ್ಚಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಥೆ ಅಲ್ಲಿಗೇ ಮುಗಿಯುತ್ತದೆಂದು ಮಕ್ಕಳಾದ ನಾವು ನಂಬಿದ್ದೆವು.

1986ನೆಯ ಇಸವಿ ಲೂಕನ ವರ್ಷ. ಆಗ ಸವಳಂಗವು ಹೊನ್ನಾಳಿ ತಾಲ್ಲೂಕಿನಲ್ಲಿ, ಶಿವಮೊಗ್ಗ ಜಿಲ್ಲೆಯಲ್ಲಿಯೇ ಇತ್ತು. ನಮ್ಮದು ಚಿಕ್ಕಮಗಳೂರು ಧರ್ಮಪ್ರಾಂತ್ಯ. ಶಿವಮೊಗ್ಗ ಧರ್ಮಪ್ರಾಂತ್ಯ ರೂಪುಗೊಂಡದ್ದು 1988ರಲ್ಲಿ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಪೂಜೆಯಲ್ಲಿ ಭಾಗವಹಿಸಿದೆವು. ಗುರುಗಳು ಸಾಮತಿಯನ್ನು ಓದಿದರು. 24ನೆಯ ವಚನಕ್ಕೆ ನಿಲ್ಲಿಸಲಿಲ್ಲ. ಹೊಲದಿಂದ ಬಂದ ಹಿರಿಯ ಮಗ, ಕೇಳಿಸಿದ ವಾದ್ಯದ ಸದ್ದು, ಒಳಗೆ ಬರಲೊಲ್ಲದ ಅವನ ಸಿಟ್ಟು, ಅವನನ್ನು ಬೇಡಿಕೊಳ್ಳಲು ಅಂಗಳಕ್ಕೆ ಬಂದ ತಂದೆ: ಇವೆಲ್ಲವನ್ನೂ ನಾನು ಮೊದಲ ಬಾರಿಗೆ ಕೇಳಿದೆ. ತಿರುಗಿ ನೋಡಿದಾಗ ಅಪ್ಪ ತಲೆ ತಗ್ಗಿಸಿದ್ದರು. ನಮ್ಮ ಅಪ್ಪ ಮನೆಯ ಹಿರಿಯ ಮಗ. ಕೆರೆಯ ಕೆಳಗಿನ ಗದ್ದೆಯ ಪಾಲಿನ ವಿಷಯದಲ್ಲಿ ಚಿಕ್ಕಪ್ಪನೊಡನೆ ಮಾತು ಬಿಟ್ಟು ಆಗಲೇ ಒಂಬತ್ತು ವರ್ಷಗಳಾಗಿದ್ದವು.

ಓದುಗರೇ, ನಮಗೆ ಪ್ರಿಯವಾದ ಭಾಗವು ನಮ್ಮನ್ನು ಸಂತೈಸುತ್ತದೆ. ಆದರೆ ಅದರ ಪಕ್ಕದಲ್ಲಿಯೇ, ನಾವು ಓದದೆ ಬಿಟ್ಟ ಭಾಗವು ನಮಗಾಗಿ ಕಾದಿರುತ್ತದೆ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ತನಗೆ ಹಿಡಿಸಿದ್ದನ್ನಷ್ಟೇ ಇಟ್ಟುಕೊಂಡನು. ಹಳೆಯ ಒಡಂಬಡಿಕೆಯನ್ನು ಪೂರ್ತಿ ತಳ್ಳಿಹಾಕಿ, ಕತ್ತರಿಸಿದ ಲೂಕನ ಶುಭಸಂದೇಶವನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಉಳಿಸಿಕೊಂಡನು. ಧರ್ಮಸಭೆ ಅದನ್ನು ಒಪ್ಪಲಿಲ್ಲ. ಕಹಿಯೆನಿಸುವುದನ್ನೂ ಸೇರಿಸಿ ಸಮಗ್ರ ಗ್ರಂಥವನ್ನು ಕಾಪಾಡಿಕೊಂಡಿತು. ವಾಚನಕ್ರಮವು ಇಂದಿಗೂ ಮಾಡುತ್ತಿರುವುದು ಇದನ್ನೇ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ನಾವು ಹರಕೆ ಹೊತ್ತು ಹೋಗುತ್ತೇವೆ. ಮರಿಯಮ್ಮನವರ ಜನನೋತ್ಸವದ ಆ ದಿನಕ್ಕೆ ಸಾರ್ವತ್ರಿಕ ವಾಚನಕ್ರಮವು ಗೊತ್ತುಪಡಿಸಿರುವುದು ಮತ್ತಾಯನು ಕೊಡುವ ವಂಶಾವಳಿ. ಬರೀ ಹೆಸರುಗಳ ಸಾಲು. 'ಇದೇ ನನ್ನ ಮೆಚ್ಚಿನ ಭಾಗ' ಎನ್ನುವವರು ವಿರಳ. ಆದರೆ ಗಮನವಿಟ್ಟು ಕೇಳಿ: ಆ ಸಾಲಿನಲ್ಲಿ ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ, ಮೋವಾಬಿನ ರೂತಳಿದ್ದಾಳೆ, ಊರೀಯನ ಹೆಂಡತಿಯಾಗಿದ್ದವಳಿದ್ದಾಳೆ. ಊರು ದೂರವಿಟ್ಟವರನ್ನೂ ಪರದೇಶಿಯರನ್ನೂ ದೇವರು ತಮ್ಮ ಮನೆತನಕ್ಕೆ ಸೇರಿಸಿಕೊಂಡ ವೃತ್ತಾಂತವದು. ಅದನ್ನು ಹಾರಿಸಿ ಮುಂದೆ ಹೋದವರಿಗೆ ನಷ್ಟವೇ.

ಆ ಭಾನುವಾರ ಬಸ್ಸಿನಲ್ಲಿ ಅಪ್ಪ ಏನೂ ಮಾತಾಡಲಿಲ್ಲ. ರಾತ್ರಿ ಜಪಸರವಾದ ಮೇಲೆ ಗ್ರಂಥವನ್ನು ತೆರೆದರು. 24ನೆಯ ವಚನವನ್ನು ಮುಗಿಸಿದರು, ತಡೆದರು, ಕನ್ನಡಕವನ್ನು ಒರೆಸಿಕೊಂಡು ಉಳಿದ ಎಂಟು ವಚನಗಳನ್ನೂ ಓದಿದರು. ಹಿರಿಯ ಮಗ ಕೊನೆಗೆ ಒಳಗೆ ಹೋದನೇ ಇಲ್ಲವೇ ಎಂಬುದನ್ನು ಲೂಕನು ಬರೆದಿಲ್ಲವೆಂದು ನನಗೆ ತಿಳಿದದ್ದು ಅಂದೇ. "ಮುಂದೇನಾಯಿತಪ್ಪಾ?" ಎಂದು ತಮ್ಮ ಕೇಳಿದ. ಅಪ್ಪ ಉತ್ತರ ಕೊಡದೆ ದೀಪ ಸಣ್ಣದು ಮಾಡಿದರು. ಆ ವರ್ಷದ ಸುಗ್ಗಿಯ ಹೊತ್ತಿಗೆ ಚಿಕ್ಕಪ್ಪ ನಮ್ಮ ಮನೆಯಲ್ಲಿ ಉಂಡರು. ಗದ್ದೆಯ ವಿಷಯ ಪೂರ್ತಿ ಬಗೆಹರಿಯಿತೆಂದು ಹೇಳಲಾರೆ. ಆದರೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರು. ಅವ್ವ ಬಡಿಸುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗಿನ್ನೂ ನೆನಪಿದೆ.

ವಿಶ್ವಗುರು ಫ್ರಾನ್ಸಿಸರು 2019ರ ಸೆಪ್ಟೆಂಬರ್ 30ರಂದು, ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಸಾರಿದರು. ಆ ದಿನ ಅನೇಕ ಕಡೆ ಬೈಬಲನ್ನು ಹೂವಿನಿಂದ ಅಲಂಕರಿಸಿ ಮೆರವಣಿಗೆಯಲ್ಲಿ ತರುತ್ತಾರೆ, ಒಳ್ಳೆಯದೇ. ಅದರೊಂದಿಗೆ ಇನ್ನೊಂದು ಚಿಕ್ಕ ಕೆಲಸವನ್ನು ನಿಮ್ಮ ಮನೆಯಲ್ಲಿ ಮಾಡಿ ನೋಡಿ. ಪ್ರತಿಯೊಬ್ಬರೂ ತಮ್ಮ ಮೆಚ್ಚಿನ ಭಾಗವನ್ನು ಓದಲಿ, ಅದು ಏಕೆ ಮೆಚ್ಚಿಗೆಯಾಯಿತೆಂದು ಹೇಳಲಿ. ಅಜ್ಜಿಯ ಭಾಗ ಮೊಮ್ಮಗಳಿಗೆ ತಿಳಿಯಲಿ, ಮೊಮ್ಮಗಳದು ಅಜ್ಜಿಗೆ. ಆಮೇಲೆ, ಓದು ನಿಲ್ಲಿಸಿದ ಕಡೆಯಿಂದ ಇನ್ನೂ ಒಂದೆಂಟು ವಚನಗಳನ್ನು ಮುಂದುವರಿಸಿ ಓದಿ. ಬೂದಿಯಾದ ಹಸ್ತಪ್ರತಿಯನ್ನು ಮತ್ತೆ ಮೊದಲಿನಿಂದ ಬರೆದವರ ಶ್ರಮದಿಂದ ನಮ್ಮ ಕೈಸೇರಿದ ಗ್ರಂಥವಿದು. ಅರ್ಧಕ್ಕೆ ಮುಚ್ಚಿಡುವುದು ಬೇಡ.